ಟಿಕೆಟ್ ಅಗ್ಗವೋ, ದಿನ ಅಗ್ಗವೋ? ಹೊರಗಿನ ಊಟಕ್ಕೂ ವಿದೇಶ ಪ್ರವಾಸಕ್ಕೂ ಒಂದೇ ಲೆಕ್ಕ

ವಾರಕ್ಕೆರಡು ಸಲ ಹೊರಗೆ ಊಟ ಮಾಡುವವರು ಈ ವರ್ಷ ವಿದೇಶಕ್ಕೆ ಹೋಗಲೇಬೇಕು ಅಂದುಕೊಂಡ ದಿನ ಮಾಡುವ ಶಪಥ ಒಂದೇ: ಇನ್ನು ಮೇಲೆ ಹೋಟೆಲ್ ಊಟ ಬಂದ್. ಈ ಶಪಥ ಮೂರು ವಾರ ನಡೆಯುತ್ತದೆ. ನಾಲ್ಕನೇ ವಾರ ಯಾರದೋ ಹುಟ್ಟುಹಬ್ಬ. ಐದನೇ ವಾರ ಕೆಲಸ ಮುಗಿಸಿ ಸುಸ್ತಾಗಿ ಬಂದಿರುತ್ತೀರಿ. ಆರನೇ ವಾರಕ್ಕೆ ಎಲ್ಲ ಮೊದಲಿನ ಹಾಗೇ. ನಾನೂ ಈ ಶಪಥ ಮಾಡಿ ಮುರಿದವನೇ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಹೊರಗಿನ ಊಟ, ಪ್ರವಾಸ ಎರಡೂ ಒಂದೇ ಜೇಬಿನ ಖರ್ಚು. ಎರಡರಲ್ಲೂ ನಾವು ಎಡವುವ ಜಾಗವೂ ಒಂದೇ. ಕಣ್ಣಿಗೆ ರಾಚುವ ಒಂದು ದೊಡ್ಡ ಅಂಕಿ ನೋಡಿ ಆರಿಸುತ್ತೇವೆ. ಅದರ ಬೆನ್ನಿಗೆ ಬರುವ ಸಣ್ಣ ಅಂಕಿಗಳನ್ನು ಕೂಡಿಸುವ ಗೋಜಿಗೆ ಹೋಗುವುದಿಲ್ಲ. ಮೆನುವಿನಲ್ಲಿ ಊಟದ ಬೆಲೆ ನೋಡುತ್ತೇವೆ, ಬಿಲ್ಲು ಏರುವುದು ಕುಡಿಯಲು ಹೇಳಿದ್ದರಲ್ಲಿ. ಪ್ರವಾಸಕ್ಕೆ ವಿಮಾನದ ಟಿಕೆಟ್ ನೋಡುತ್ತೇವೆ, ಹಣ ಕರಗುವುದು ಅಲ್ಲಿ ಇಳಿದ ಮೇಲೆ. ಹಾಗಾಗಿ ಇಲ್ಲಿ ಯಾವ ಎರಡನ್ನು ಹೋಲಿಸಿದರೂ ಕೇಳುವ ಪ್ರಶ್ನೆ ಒಂದೇ: ಎಲ್ಲ ಸೇರಿ ಒಬ್ಬರಿಗೆ, ಒಂದು ದಿನಕ್ಕೆ ಎಷ್ಟು ಬೀಳುತ್ತದೆ?

ಊರಲ್ಲಿ: ನಿಲ್ಲಿಸುವುದೋ, ಬದಲಾಯಿಸುವುದೋ

ಪೂರ್ತಿ ನಿಲ್ಲಿಸುವುದು ಆಗದ ಮಾತು. ಅದರ ಬದಲು ಹೋದ ತಿಂಗಳ ಬಿಲ್ಲುಗಳನ್ನೆಲ್ಲ ಒಂದು ಕಡೆ ಹಾಕಿ ನೋಡಿ. ಕಾಗದದ ಬಿಲ್ಲು ಇರಲಿಕ್ಕಿಲ್ಲ, ಫೋನಿನಲ್ಲಿ ಹಣ ಕಟ್ಟಿದ ಮೆಸೇಜುಗಳಂತೂ ಇದ್ದೇ ಇರುತ್ತವೆ. ಅವನ್ನು ಮೂರು ಗುಂಪು ಮಾಡಿ. ಜನರ ಜೊತೆ ಕೂತು ಹರಟಲು ಹೋದದ್ದು ಒಂದು. ಮನೆಯಲ್ಲಿ ಮಾಡಲು ಬಾರದ್ದನ್ನು ತಿನ್ನಲು ಹೋದದ್ದು ಇನ್ನೊಂದು. ಸುಮ್ನೆ, ಒಲೆ ಹಚ್ಚಲು ಬೇಜಾರಾಗಿ ತರಿಸಿಕೊಂಡದ್ದು ಮೂರನೆಯದು. ನನ್ನ ಲೆಕ್ಕದಲ್ಲಿ ಮೂರನೇ ಗುಂಪೇ ಅರ್ಧಕ್ಕಿಂತ ಜಾಸ್ತಿ ಇತ್ತು. ಅದರಲ್ಲಿ ಒಂದೇ ಒಂದು ಊಟದ ರುಚಿಯೂ ನೆನಪಿರಲಿಲ್ಲ. ಕತ್ತರಿ ಹಾಕಬೇಕಾದದ್ದು ಅದಕ್ಕೆ ಮಾತ್ರ. ಮೊದಲ ಎರಡನ್ನು ಮುಟ್ಟಬೇಡಿ, ಬದುಕು ಸಪ್ಪೆಯಾಗುತ್ತದೆ.

ಮನೆಗೆ ತರಿಸುವುದು, ಹೋಗಿ ಪಾರ್ಸೆಲ್ ತರುವುದು, ಅಲ್ಲೇ ಕೂತು ತಿನ್ನುವುದು. ಈ ಮೂರರಲ್ಲಿ ತರಿಸುವುದೇ ದುಬಾರಿ, ಅದರಲ್ಲಿ ಅನುಮಾನ ಬೇಡ. ಪ್ಯಾಕಿಂಗಿಗೆ ಒಂದಿಷ್ಟು, ತಂದುಕೊಡಲು ಒಂದಿಷ್ಟು, ಆ್ಯಪಿನ ಪಾಲು ಒಂದಿಷ್ಟು. ಎಷ್ಟೋ ಕಡೆ ಊಟದ ಬೆಲೆಯೇ ಆ್ಯಪಿನಲ್ಲಿ ಏರಿಸಿಟ್ಟಿರುತ್ತಾರೆ. ಒಬ್ಬರಿಗೇ ತರಿಸಿದರೆ ಮೂಗಿಗಿಂತ ಮೂಗುತಿ ಭಾರ. ಕೂತು ತಿಂದರೆ ಕಡಿಮೆ ಆಗುತ್ತದೆ ಅಂತಲೂ ಇಲ್ಲ. ಎದುರಿಗೆ ಮೆನು ಇದ್ದರೆ ಕೈ ಸುಮ್ಮನಿರುವುದಿಲ್ಲ, ಅಲ್ವಾ? ಒಬ್ಬರೇ ಇದ್ದಾಗ ಪಾರ್ಸೆಲ್, ಜನ ಇದ್ದಾಗ ಕೂತು ಊಟ. ನಾನು ಪಾಲಿಸುವುದು ಇಷ್ಟೇ.

ಇದಕ್ಕಿಂತ ದೊಡ್ಡ ಉಳಿತಾಯ ಇರುವುದು ಹೊತ್ತು ಬದಲಾಯಿಸುವುದರಲ್ಲಿ. ರಾತ್ರಿ ಊಟಕ್ಕೆ ಹೋಗುವ ಅದೇ ರೆಸ್ಟೋರೆಂಟಿಗೆ ಮಧ್ಯಾಹ್ನ ಹೋಗಿ. ಅಡುಗೆಯವರು ಅವರೇ, ಒಲೆ ಅದೇ. ಆದರೆ ಮಧ್ಯಾಹ್ನ ಟೇಬಲ್ಲುಗಳು ಖಾಲಿ ಬಿದ್ದಿರುತ್ತವೆ, ಬಾಡಿಗೆ ಮತ್ತು ಸಂಬಳ ಹೇಗೂ ನಡೆಯುತ್ತಿರುತ್ತದೆ. ಅದಕ್ಕೇ ಹಗಲಿನ ಊಟಕ್ಕೆ ಪ್ರತ್ಯೇಕ ಕಡಿಮೆ ದರ ಇಡುತ್ತಾರೆ. ಮಧ್ಯಾಹ್ನ ಜನ ಕುಡಿಯುವುದೂ ಕಡಿಮೆ, ಬೇಗ ಏಳುತ್ತಾರೆ, ಬಿಲ್ಲು ತಾನಾಗಿಯೇ ಇಳಿಯುತ್ತದೆ. ಈ ಅಭ್ಯಾಸವನ್ನು ಊರಲ್ಲೇ ಮಾಡಿಕೊಳ್ಳಿ. ಹೊರದೇಶಕ್ಕೆ ಹೋದಾಗ ಇದರಷ್ಟು ಹಣ ಉಳಿಸುವ ಅಭ್ಯಾಸ ಇನ್ನೊಂದಿಲ್ಲ. ಆ ಮಾತು ಮುಂದೆ ಬರುತ್ತದೆ.

ಯಾವ ದೇಶ: ಟಿಕೆಟ್ ಅಗ್ಗದ ಕಡೆಗೋ, ದಿನ ಅಗ್ಗದ ಕಡೆಗೋ

ಒಂದು ಲೆಕ್ಕ ಹಾಕೋಣ. ಮೊದಲನೇ ದೇಶಕ್ಕೆ ಹೋಗಿಬರುವ ಟಿಕೆಟ್ 40 ಅಂತಿಟ್ಟುಕೊಳ್ಳಿ, ಅಲ್ಲಿ ದಿನದ ಖರ್ಚು 10. ಎರಡನೇ ದೇಶಕ್ಕೆ ಟಿಕೆಟ್ 70, ದಿನದ ಖರ್ಚು 5. ಮೂರು ದಿನಕ್ಕೆ ಹೋದರೆ ಮೊದಲನೆಯದಕ್ಕೆ 70, ಎರಡನೆಯದಕ್ಕೆ 85. ಮೊದಲನೆಯದೇ ವಾಸಿ. ಆರು ದಿನಕ್ಕೆ ಎರಡೂ ಸಮ, 100ಕ್ಕೆ 100. ಹನ್ನೆರಡು ದಿನಕ್ಕೆ ಹೋದರೆ ಮೊದಲನೆಯದು 160, ಎರಡನೆಯದು 130. ಅಂದರೆ ಕಡಿಮೆ ದಿನ ಇದ್ದರೆ ಟಿಕೆಟ್ ಅಗ್ಗ ಇರುವ ಕಡೆ ಹೋಗಿ, ಜಾಸ್ತಿ ದಿನ ಇದ್ದರೆ ದಿನ ಅಗ್ಗ ಇರುವ ಕಡೆ ಹೋಗಿ. ಟಿಕೆಟ್ ಆಫರ್ ಬಂತು ಅಂತ ಹತ್ತು ದಿನಕ್ಕೆ ಸ್ವಿಟ್ಜರ್ಲೆಂಡಿಗೋ ಐಸ್‌ಲ್ಯಾಂಡಿಗೋ ಹೊರಟವರು ಟಿಕೆಟ್ಟಿನಲ್ಲಿ ಉಳಿಸಿದ್ದೆಲ್ಲ ಎರಡೇ ದಿನದ ಊಟದಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ದಿನದ ಖರ್ಚು ಮೊದಲೇ ಗೊತ್ತಾಗುವುದು ಹೇಗೆ? 'ದಿ ಎಕನಾಮಿಸ್ಟ್' ಪತ್ರಿಕೆ 1986ರಿಂದ ಬಿಗ್ ಮ್ಯಾಕ್ ಸೂಚ್ಯಂಕ ಅಂತ ಒಂದನ್ನು ಹೊರಡಿಸುತ್ತಿದೆ. ಒಂದೇ ಬರ್ಗರ್ ಯಾವ ದೇಶದಲ್ಲಿ ಎಷ್ಟು ಅನ್ನುವ ಪಟ್ಟಿ. ಒಂದು ನೋಟಕ್ಕೆ ಚೆನ್ನಾಗಿದೆ. ಆದರೆ ಅದನ್ನೇ ನಂಬಿ ಕೂರಬೇಡಿ. ಬೀದಿ ಬದಿಯ ಊಟ ತೀರಾ ಅಗ್ಗವಿರುವ ದೇಶಗಳಲ್ಲಿ ಬರ್ಗರ್ ಅನ್ನುವುದು ಷೋಕಿಯ ತಿಂಡಿ, ಅದರ ಬೆಲೆ ನೋಡಿದರೆ ಊರಿನ ನಿಜವಾದ ಬೆಲೆ ತಿಳಿಯುವುದಿಲ್ಲ. ನಾನು ಮಾಡುವುದು ಇನ್ನೂ ಸುಲಭ. ಮ್ಯಾಪಿನಲ್ಲಿ ಆ ಊರಿನ ಯಾವುದಾದರೂ ಕಾಲೇಜಿನ ಅಕ್ಕಪಕ್ಕದ ಹೋಟೆಲ್ ಹುಡುಕಿ, ಜನ ಹಾಕಿದ ಮೆನು ಫೋಟೋ ತೆರೆದು ನೋಡುತ್ತೇನೆ. ವಿದ್ಯಾರ್ಥಿಗಳು ತಿನ್ನುವ ಬೆಲೆ ಆ ಊರಿನ ತಳಮಟ್ಟದ ಬೆಲೆ. ಅದಕ್ಕೆ ಎರಡರಷ್ಟು ಇಟ್ಟುಕೊಂಡರೆ ನನ್ನ ಊಟದ ಬಜೆಟ್ ಸರಿಹೋಗುತ್ತದೆ.

ಎಷ್ಟೋ ಸಲ ದೇಶ ಬದಲಾಯಿಸಬೇಕಾಗಿಯೂ ಇಲ್ಲ, ಅದೇ ದೇಶದಲ್ಲಿ ಜಾಗ ಬದಲಾಯಿಸಿದರೆ ಸಾಕು. ಮಾಲ್ಡೀವ್ಸನ್ನೇ ನೋಡಿ. ಅದು ಶ್ರೀಮಂತರ ಜಾಗ ಅಂತಲೇ ಹೆಸರು. ರೆಸಾರ್ಟ್ ದ್ವೀಪದಲ್ಲಿ ಸುತ್ತ ನೀರು, ದ್ವೀಪದಲ್ಲಿ ಇರುವುದು ಅದೊಂದೇ ರೆಸಾರ್ಟ್. ಮೂರು ಹೊತ್ತು ಅವರು ಹೇಳಿದ ಬೆಲೆಗೇ ತಿನ್ನಬೇಕು. ಎದ್ದು ಪಕ್ಕದ ಹೋಟೆಲಿಗೆ ಹೋಗೋಣ ಅಂದರೆ ಪಕ್ಕದಲ್ಲಿ ಸಮುದ್ರ! ಆದರೆ 2009ರಿಂದ ಜನವಸತಿ ಇರುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅಲ್ಲಿ ಅವಕಾಶ ಸಿಕ್ಕಿದೆ. ಮಾಫುಶಿಯಂಥ ದ್ವೀಪಕ್ಕೆ ರಾಜಧಾನಿ ಮಾಲೆಯಿಂದ ಸಾರ್ವಜನಿಕ ದೋಣಿಯೇ ಹೋಗುತ್ತದೆ. ಅಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಕೆಫೆಗಳಿವೆ, ಒಂದರ ಬೆಲೆ ಹಿಡಿಸದಿದ್ದರೆ ಇನ್ನೊಂದು. ನೀರಿನ ಬಣ್ಣ ಮಾತ್ರ ಎರಡೂ ಕಡೆ ಅದೇ. ಜನವಸತಿ ದ್ವೀಪಗಳಲ್ಲಿ ಮದ್ಯ ಸಿಗುವುದಿಲ್ಲ, ಈಜುಡುಗೆಯಲ್ಲಿ ಇರಲು ಅದಕ್ಕೆಂದೇ ಬಿಟ್ಟಿರುವ ತೀರಕ್ಕೆ ಹೋಗಬೇಕು. ಇದು ನಿಮಗೆ ತೊಂದರೆ ಅನ್ನಿಸದಿದ್ದರೆ ನನ್ನ ಮತ ಗೆಸ್ಟ್‌ಹೌಸಿಗೇ. ಬೇಕಿದ್ದರೆ ಒಂದು ಹಗಲು ಮಾತ್ರ ರೆಸಾರ್ಟಿಗೆ ಹೋಗಿಬರುವ ವ್ಯವಸ್ಥೆಯೂ ಎಷ್ಟೋ ಕಡೆ ಇದೆ.

ಯಾವಾಗ: ಸೀಸನ್ನೋ, ಅದರ ಅಂಚೋ

ಸೀಸನ್ನಿನಲ್ಲಿ ಹೋದರೆ ದುಬಾರಿ, ಆಫ್ ಸೀಸನ್ನಿನಲ್ಲಿ ಹೋದರೆ ಮಳೆ. ಇಷ್ಟು ಎಲ್ಲರಿಗೂ ಗೊತ್ತು. ಒಳ್ಳೆಯ ಬೆಲೆ ಸಿಗುವುದು ಎರಡರ ನಡುವಿನ ಅಂಚಿನಲ್ಲಿ. ಯುರೋಪಿಗೆ ಜುಲೈ, ಆಗಸ್ಟ್ ಬಿಟ್ಟು ಏಪ್ರಿಲ್ ಕೊನೆಯಿಂದ ಮೇ ಅಥವಾ ಸೆಪ್ಟೆಂಬರಿನಿಂದ ಅಕ್ಟೋಬರ್ ಮೊದಲ ಭಾಗ ನೋಡಿ. ಇನ್ನೊಂದು ಕಾರಣವೂ ಇದೆ. ಆಗಸ್ಟಿನಲ್ಲಿ ಪ್ಯಾರಿಸ್, ರೋಮ್‌ನಂಥ ಊರುಗಳಲ್ಲಿ ಮನೆಮಂದಿ ನಡೆಸುವ ಎಷ್ಟೋ ಚಿಕ್ಕ ಹೋಟೆಲುಗಳು ಬಾಗಿಲು ಹಾಕಿಕೊಂಡು ರಜೆಗೆ ಹೋಗುತ್ತವೆ. ತೆರೆದಿರುವುದು ಪ್ರವಾಸಿಗರನ್ನೇ ನಂಬಿದ ಅಂಗಡಿಗಳು. ಅತಿ ಹೆಚ್ಚು ದುಡ್ಡು ಕೊಟ್ಟು ಅತಿ ಕೆಟ್ಟ ಊಟ ಮಾಡುವ ತಿಂಗಳು ಅದು.

ಮಳೆಯ ವಿಷಯದಲ್ಲಿ ದೇಶಕ್ಕೊಂದು ಸೀಸನ್ ಅಂದುಕೊಳ್ಳುವುದು ತಪ್ಪು. ಥಾಯ್ಲೆಂಡಿನಲ್ಲಿ ಫುಕೆಟ್, ಕ್ರಾಬಿ ಕಡೆ ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಅದೇ ದೇಶದ ಇನ್ನೊಂದು ಮಗ್ಗುಲಿನ ಸಮುಯಿ ದ್ವೀಪಕ್ಕೆ ಜೋರು ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಹಾಗಾಗಿ ಜುಲೈನಲ್ಲಿ ಬೀಚ್ ಬೇಕಿದ್ದರೆ ಸಮುಯಿ ಕಡೆ ಹೊರಳಿ. ಶ್ರೀಲಂಕಾದಲ್ಲೂ ಇದೇ ಕಥೆ. ಜೂನ್, ಜುಲೈನಲ್ಲಿ ನೈಋತ್ಯ ತೀರದ ಕಡಲು ಒರಟಾಗಿದ್ದಾಗ ಪೂರ್ವದ ತ್ರಿಂಕೋಮಲಿ, ಅರುಗಮ್ ಬೇ ಕಡೆ ಬಿಸಿಲಿರುತ್ತದೆ. ಜಪಾನಿಗಾದರೆ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್ ತಪ್ಪಿಸಿ, ಅಲ್ಲಿನವರೇ ಇಡೀ ದೇಶ ಸುತ್ತುವ ಹೊತ್ತು ಅದು. ವಿಯೆಟ್ನಾಮಿನಲ್ಲಿ ಟೆಟ್ ಹೊಸವರ್ಷದ ದಿನಗಳಲ್ಲಿ ಎಷ್ಟೋ ಅಂಗಡಿ, ಹೋಟೆಲುಗಳು ಮುಚ್ಚಿರುತ್ತವೆ.

ವಿಮಾನ: ನೇರವೋ, ತುಂಡು ತುಂಡೋ

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಒಮ್ಮೆ ತೀರಾ ಅಗ್ಗಕ್ಕೆ ಸಿಕ್ಕಿತು ಅಂತ ರಾತ್ರಿಯ ವಿಮಾನ ಹಿಡಿದೆ. ಟಿಕೆಟ್ಟಿನ ಮೇಲೆ ಊರಿನ ಹೆಸರೇನೋ ಸರಿಯಾಗಿತ್ತು. ಇಳಿದ ಮೇಲೆ ನೋಡಿದರೆ ಸುತ್ತ ಹೊಲ, ಊರಿನ ದೀಪವೂ ಕಾಣುತ್ತಿಲ್ಲ. ವಿಮಾನ ಒಂದು ಗಂಟೆ ತಡವಾಗಿತ್ತು, ಊರಿಗೆ ಹೋಗುವ ಕೊನೆಯ ಬಸ್ಸು ಹೊರಟುಹೋಗಿತ್ತು. ಹೊರಗೆ ನಿಂತಿದ್ದ ಒಂದೇ ಟ್ಯಾಕ್ಸಿಗೆ ಕೊಟ್ಟದ್ದು ಟಿಕೆಟ್ಟಿನಲ್ಲಿ ಉಳಿಸಿದ್ದರ ಎರಡರಷ್ಟು. ಅಪರಾತ್ರಿ ಹಸಿದುಕೊಂಡು ರೂಮು ಸೇರಿದರೆ ತಿನ್ನಲು ಸಿಕ್ಕಿದ್ದು ಯಂತ್ರದಲ್ಲಿ ಬೀಳುವ ಒಂದು ಪೊಟ್ಟಣ ಬಿಸ್ಕತ್ತು.

ಹಾಗಾಗಿ ವಿಮಾನ ನಿಲ್ದಾಣದ ಪೂರ್ತಿ ಹೆಸರು ಓದಿ, ಮ್ಯಾಪಿನಲ್ಲಿ ದೂರ ಅಳೆಯಿರಿ. ಪ್ಯಾರಿಸ್ ಬೋವೆ ಅಂತ ಟಿಕೆಟ್ ಇದ್ದರೆ ಅದು ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್ ದೂರ. ಫ್ರಾಂಕ್‌ಫರ್ಟ್ ಹಾನ್ ಅನ್ನುವುದು ಫ್ರಾಂಕ್‌ಫರ್ಟ್‌ನಿಂದ 120 ಕಿಲೋಮೀಟರ್ ಆಚೆ. ಟೋಕಿಯೋಕ್ಕೂ ಅಷ್ಟೇ. ಹನೇಡಾ ಊರಿಗೆ ಹತ್ತಿರ, ಸುಮಾರು 15 ಕಿಲೋಮೀಟರ್. ನರಿತಾ 60 ಕಿಲೋಮೀಟರ್. ನರಿತಾ ಟಿಕೆಟ್ ಸ್ವಲ್ಪ ಕಡಿಮೆ ಇದ್ದರೆ ಅದಕ್ಕೆ ರೈಲಿನ ಚಾರ್ಜು, ಜನರ ಸಂಖ್ಯೆಯಿಂದ ಗುಣಿಸಿ, ಕೂಡಿಸಿ ನೋಡಿ. ನಾಲ್ಕು ಜನ ಇದ್ದರೆ ಉಳಿತಾಯ ಅಲ್ಲಿಗೇ ಮುಗಿದಿರುತ್ತದೆ.

ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ಹೋಗುವುದು ಅಗ್ಗವಾಗಿ ಕಾಣುತ್ತದೆ. ಮೊದಲನೇ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಅದರ ಸಂಬಂಧವೇ ಇಲ್ಲ, ನೀವು ಬರಲಿಲ್ಲ ಅಷ್ಟೆ. ಒಂದೇ ಬುಕಿಂಗಿನಲ್ಲಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಅವರದು. ಹೋಗುವಾಗ ಒಂದೇ ಬುಕಿಂಗ್ ಇರಲಿ. ತುಂಡು ಟಿಕೆಟ್ಟೇ ಬೇಕು ಅಂದರೆ ನಡುವೆ ಒಂದು ರಾತ್ರಿ ಬಿಟ್ಟು, ಆ ಊರನ್ನೂ ನೋಡಿಕೊಂಡು ಹೋಗಿ. ಬ್ಯಾಗಿನ ಚಾರ್ಜು, ಸೀಟಿನ ಚಾರ್ಜು ಸೇರಿಸಿದ ಮೇಲಷ್ಟೇ ಬೆಲೆ ಹೋಲಿಸಬೇಕು ಅನ್ನುವುದನ್ನು ಮತ್ತೆ ಹೇಳಬೇಕಿಲ್ಲ.

ಪ್ಯಾಕೇಜೋ, ಸ್ವಂತವೋ

ಒಂದೇ ಊರು ಅಥವಾ ಒಂದೇ ಚಿಕ್ಕ ದೇಶವಾದರೆ ಸ್ವಂತ. ಹತ್ತು ದಿನದಲ್ಲಿ ಐದಾರು ಊರು, ಜೊತೆಗೆ ನಡೆಯಲು ಕಷ್ಟಪಡುವ ಹಿರಿಯರು ಅಂದರೆ ಪ್ಯಾಕೇಜ್. ಇದರಲ್ಲಿ ನನಗೆ ಗೊಂದಲವಿಲ್ಲ. ಪ್ಯಾಕೇಜಿನಲ್ಲಿ ಗಮನಿಸಬೇಕಾದದ್ದು ಊಟದ ಸಾಲು. 'ಎಲ್ಲ ಊಟ ಸೇರಿ' ಅಂತ ಇದ್ದರೆ ಗುಂಪಿಗೆ ಅಂತಲೇ ಇರುವ ದೊಡ್ಡ ಹಾಲ್‌ಗಳಲ್ಲಿ, ಬಸ್ಸು ನಿಲ್ಲಿಸಲು ಜಾಗವಿರುವ ಕಡೆ, ಅದೇ ಬಫೆಯನ್ನು ದಿನಾ ತಿನ್ನುತ್ತೀರಿ. ಬೆಳಗಿನ ತಿಂಡಿ ಮಾತ್ರ ಸೇರಿರುವ ಪ್ಯಾಕೇಜ್ ಸಿಕ್ಕರೆ ಅದು ವಾಸಿ. ಆಯ್ಕೆಯ ಪ್ರವಾಸ, ಅಂದರೆ ಬೇರೆ ದುಡ್ಡು ಕೊಟ್ಟು ಹೋಗಬೇಕಾದದ್ದು, ಅಂತ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುವುದನ್ನೂ ಓದಿ. ನೀವು ಯಾವುದಕ್ಕಾಗಿ ಹೋಗುತ್ತಿದ್ದೀರೋ ಅದೇ ಆ ಪಟ್ಟಿಯಲ್ಲಿ ಇರಬಹುದು.

ಸ್ವಂತ ಹೋಗುವವರು ವೀಸಾವನ್ನೂ ದಿನಕ್ಕೆ ಭಾಗಿಸಿ. ವೀಸಾ ಬೇಕಿರುವ ದೇಶಗಳವರಿಗೆ, ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಿಗೆ ನಡೆಯುವ ಶೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಲ್ಲಿ ದೊಡ್ಡವರಿಗೆ 80 ಯೂರೋದಿಂದ 90ಕ್ಕೆ ಏರಿತು. ನಾಲ್ಕು ದಿನಕ್ಕೆ ಹೋದರೆ ಅದು ದಿನಕ್ಕೆ 22 ಯೂರೋಗಿಂತ ಜಾಸ್ತಿ, ಹದಿನೈದು ದಿನಕ್ಕಾದರೆ 6. ಒಂದು ವೀಸಾದಲ್ಲಿ 29 ದೇಶ ಸುತ್ತಬಹುದು. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮೀರಬಾರದು. ಬ್ರಿಟನ್, ಐರ್ಲೆಂಡ್ ಇದರಲ್ಲಿ ಇಲ್ಲ. ಲಂಡನ್, ಪ್ಯಾರಿಸ್ ಎರಡೂ ಒಂದೇ ವಾರದಲ್ಲಿ ಅಂದರೆ ಎರಡು ಸಲ ಕಾಗದಪತ್ರ, ಎರಡು ಸಲ ಶುಲ್ಕ. ಹೋಗುವ ಮೊದಲು ಪಾಸ್‌ಪೋರ್ಟ್ ಇನ್ನು ಎಷ್ಟು ದಿನ ನಡೆಯುತ್ತದೆ ನೋಡಿಕೊಳ್ಳಿ. ಬಹಳ ದೇಶಗಳು ಆರು ತಿಂಗಳು ಬಾಕಿ ಇರಬೇಕು ಅನ್ನುತ್ತವೆ.

ತಂಗುವುದು: ತಿಂಡಿ ಇರುವ ರೂಮೋ, ಅಡುಗೆಮನೆ ಇರುವ ಮನೆಯೋ

ಮೂರು ರಾತ್ರಿಯೊಳಗೆ ಆದರೆ ತಿಂಡಿ ಸೇರಿರುವ ಹೋಟೆಲ್ ರೂಮು. ಐದು ರಾತ್ರಿ ಮೀರಿದರೆ, ಮಕ್ಕಳಿದ್ದರೆ, ಅಡುಗೆಮನೆ ಇರುವ ಬಾಡಿಗೆ ಮನೆ. ಕಾರಣ ಸರಳ. ಬಾಡಿಗೆ ಮನೆಗೆ ಸ್ವಚ್ಛತೆಯ ಚಾರ್ಜು ಅಂತ ಒಂದು ಸಲ ಹಾಕುತ್ತಾರೆ. ಅದು ಎರಡು ರಾತ್ರಿಗೆ ಹಂಚಿದರೆ ಭಾರ, ಏಳು ರಾತ್ರಿಗೆ ಹಂಚಿದರೆ ಹಗುರ. ಎಣ್ಣೆ, ಉಪ್ಪು ಕೊಂಡದ್ದೂ ಅಷ್ಟೇ. ರಜೆಗೆ ಹೋಗಿಯೂ ಅಡುಗೆ ಮಾಡಬೇಕಾ ಅಂತ ಮನೆಯಲ್ಲಿ ದಿನಾ ಅಡುಗೆ ಮಾಡುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೆಳಗ್ಗೆ ಮಾತ್ರ ಮನೆ, ಮಧ್ಯಾಹ್ನ ಹೊರಗೆ ಚೆನ್ನಾಗಿ ಊಟ, ರಾತ್ರಿ ಹಣ್ಣು, ಬ್ರೆಡ್ಡು ಅಂತ ಒಪ್ಪಂದ ಮಾಡಿಕೊಳ್ಳಿ. ಪಾತ್ರೆ ತೊಳೆಯುವುದು ಉಳಿದವರ ಕೆಲಸ.

ರೂಮಿನ ಬೆಲೆಯಲ್ಲಿ ಕಾಣದ ಒಂದು ಖರ್ಚು ಊರಿನ ತೆರಿಗೆ. ರೋಮ್, ಪ್ಯಾರಿಸ್‌ನಂಥ ಊರುಗಳಲ್ಲಿ ಒಬ್ಬರಿಗೆ, ರಾತ್ರಿಗೆ ಇಷ್ಟು ಅಂತ ಇದೆ. ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ 2024ರಿಂದ ರೂಮಿನ ಬೆಲೆಯ ಶೇಕಡ 12.5. ಎಷ್ಟೋ ಸಲ ಇದನ್ನು ಅಲ್ಲಿ ಹೋದ ಮೇಲೆ ಕೌಂಟರಿನಲ್ಲಿ ಕೇಳುತ್ತಾರೆ.

ಅಲ್ಲಿ ಊಟ: ಹೋಲಿಕೆಯ ಅಸಲಿ ಜಾಗ

ವಿಮಾನ, ರೂಮು ಒಂದು ಸಲ ಆರಿಸಿದರೆ ಮುಗಿಯಿತು. ಊಟವನ್ನು ದಿನಕ್ಕೆ ಮೂರು ಸಲ ಆರಿಸಬೇಕು. ತಪ್ಪಲು ಅವಕಾಶವೂ ದಿನಕ್ಕೆ ಮೂರು.

ಇಟಲಿಯ ಒಂದು ಕಡಲ ಊರು. ಸಂಜೆ, ನೀರಿನ ಪಕ್ಕದಲ್ಲೇ ಟೇಬಲ್. ಮೆನುವಿನಲ್ಲಿ ಮೀನಿನ ಮುಂದೆ 7 ಯೂರೋ ಅಂತ ಇತ್ತು. ಇಷ್ಟು ಕಡಿಮೆಯಾ ಅಂತ ಖುಷಿಯಾಯಿತು. ಮಾಣಿ ಒಂದು ತಟ್ಟೆಯಲ್ಲಿ ಮಂಜುಗಡ್ಡೆ ಹರಡಿ, ಮೇಲೆ ಹೊಳೆಯುವ ಇಡೀ ಮೀನು ಇಟ್ಟುಕೊಂಡು ಬಂದ. ಕಿವಿರು ಎತ್ತಿ ಕೆಂಪು ತೋರಿಸಿದ. ಆಗಬಹುದಾ ಅಂದ. ನಾವಿಬ್ಬರೂ ದೊಡ್ಡ ಗಿರಾಕಿಗಳ ಹಾಗೆ ತಲೆಯಾಡಿಸಿದೆವು. ಬಿಲ್ಲು ಬಂದಾಗ ಮೀನಿಗೆ 63 ಯೂರೋ. ಮೆನು ಮತ್ತೆ ತರಿಸಿ ಓದಿದೆ. 7ರ ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಎಟ್ಟೊ' ಅಂತ ಇತ್ತು. ಎಟ್ಟೊ ಅಂದರೆ 100 ಗ್ರಾಮ್. ಮೀನು 900 ಗ್ರಾಮ್ ಇತ್ತು. ಯಾರೂ ಮೋಸ ಮಾಡಿರಲಿಲ್ಲ, ನಾವು ಓದಿರಲಿಲ್ಲ ಅಷ್ಟೆ. ತೂಕದ ಮೇಲೆ ಬೆಲೆ ಇರುವುದನ್ನು ಹೇಳುವಾಗ, ಬೇಯಿಸುವ ಮೊದಲು, ಇದು ಒಟ್ಟು ಎಷ್ಟಾಗುತ್ತದೆ ಅಂತ ಕೇಳಿ. ನಾಚಿಕೆ ಬೇಡ.

ಮೆನುವಿನ ಬೆಲೆ ಮತ್ತು ಬಿಲ್ಲಿನ ಬೆಲೆ ನಡುವಿನ ಅಂತರ ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ. ಫ್ರಾನ್ಸಿನಲ್ಲಿ ಸರ್ವಿಸ್ ಬೆಲೆಯೊಳಗೇ ಸೇರಿರುತ್ತದೆ. ಅಮೆರಿಕದಲ್ಲಿ ಮೆನುವಿನ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ, ಜೊತೆಗೆ 15ರಿಂದ 20 ಶೇಕಡ ಟಿಪ್ಸ್ ಕೊಡುವುದು ವಾಡಿಕೆ. 100ರ ಊಟ ಎಷ್ಟೋ ಊರುಗಳಲ್ಲಿ 125ರ ಹತ್ತಿರ ಹೋಗುತ್ತದೆ. ಸಿಂಗಾಪುರ, ಥಾಯ್ಲೆಂಡುಗಳಲ್ಲಿ ಬೆಲೆಯ ಪಕ್ಕ ಎರಡು ಕೂಡಿಸುವ ಚಿಹ್ನೆ (++) ಕಂಡರೆ ಎರಡು ಬಾಲ ಇವೆ ಅಂತ ಅರ್ಥ. ಸರ್ವಿಸ್ ಚಾರ್ಜ್ ಶೇಕಡ 10, ಅದರ ಮೇಲೆ ತೆರಿಗೆ. ಸಿಂಗಾಪುರದ ತೆರಿಗೆ 2024ರಿಂದ ಶೇಕಡ 9. ಅಲ್ಲಿಗೆ 100 ಹೋಗಿ 119.90. ಥಾಯ್ಲೆಂಡಿನಲ್ಲಿ ತೆರಿಗೆ ಶೇಕಡ 7, ಹಾಗಾಗಿ 117.70.

ಅದೇ ಸಿಂಗಾಪುರದಲ್ಲಿ ಹಾಕರ್ ಸೆಂಟರಿಗೆ ಹೋದರೆ ಈ ಬಾಲಗಳಿಲ್ಲ. ಒಂದೇ ಸೂರಿನಡಿ ಹತ್ತಾರು ಪುಟ್ಟ ಅಂಗಡಿ, ನಡುವೆ ಟೇಬಲ್ಲು. ಬೋರ್ಡಿನಲ್ಲಿ ಬರೆದಷ್ಟು ಕೊಟ್ಟು ತಟ್ಟೆ ಎತ್ತಿಕೊಂಡು ಬರುವುದು. 2020ರಲ್ಲಿ ಯುನೆಸ್ಕೊ ಅಲ್ಲಿನ ಹಾಕರ್ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಗ್ಗದ ಊಟವೇ ಆ ಊರಿನ ಅಸಲಿ ಊಟವೂ ಹೌದು ಅನ್ನುವ ಅದೃಷ್ಟ ಎಲ್ಲ ಊರಿಗೂ ಇರುವುದಿಲ್ಲ.

ಕೂರುವುದಕ್ಕೂ ಬೆಲೆ ಇದೆ. ಇಟಲಿಯಲ್ಲಿ ಕೌಂಟರಿನ ಮುಂದೆ ನಿಂತು ಕಾಫಿ ಕುಡಿದರೆ ಒಂದು ಬೆಲೆ, ಟೇಬಲ್ಲಿನಲ್ಲಿ ಕೂತರೆ ಇನ್ನೊಂದು. ಚೌಕದ ಎದುರು ಕೂತರೆ ಮೂರು ನಾಲ್ಕರಷ್ಟೂ ಆಗಬಹುದು. ಊಟಕ್ಕೆ ಕೂತರೆ 'ಕೊಪೆರ್ತೊ' ಅಂತ ತಲೆಗೆ ಇಷ್ಟು ಸೇರಿಸುವ ಕಡೆಗಳೂ ಬಹಳ. ಜಪಾನಿನಲ್ಲಿ 2019ರ ಅಕ್ಟೋಬರಿನಿಂದ ಕೂತು ತಿಂದರೆ ತೆರಿಗೆ ಶೇಕಡ 10, ಪಾರ್ಸೆಲ್ ಕಟ್ಟಿಸಿಕೊಂಡರೆ 8. ಪೋರ್ಚುಗಲ್ಲಿನಲ್ಲಿ ಕೂತ ಕೂಡಲೇ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ಪ್ರೀತಿಯಿಂದ ಕೊಟ್ಟದ್ದಲ್ಲ, ಮುಟ್ಟಿದರೆ ಬಿಲ್ಲಿಗೆ ಬರುತ್ತದೆ. ಬೇಡವಾದರೆ ಬೇಡ ಅನ್ನಿ, ಸುಮ್ಮನೆ ವಾಪಸ್ ಒಯ್ಯುತ್ತಾರೆ. ಫ್ರಾನ್ಸಿನಲ್ಲಿ 'ಕರಾಫ್ ದೋ' ಅಂತ ಕೇಳಿದರೆ ಊಟದ ಜೊತೆ ನಲ್ಲಿ ನೀರು ಪುಕ್ಕಟೆ. ಬರೀ ನೀರು ಅಂದರೆ ಬಾಟಲಿ ಬರಬಹುದು. ಜರ್ಮನಿಯಲ್ಲಿ ಬಾಟಲಿ ನೀರು ಕೊಂಡರೆ ಖಾಲಿ ಬಾಟಲಿ ಎಸೆಯಬೇಡಿ. ಅದರ ಮೇಲೆ ಸಾಮಾನ್ಯವಾಗಿ 25 ಸೆಂಟ್ ಠೇವಣಿ ಇರುತ್ತದೆ, ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ವಾಪಸ್.

ಇನ್ನು ಮಧ್ಯಾಹ್ನದ ಮಾತು. ಸ್ಪೇನಿನಲ್ಲಿ ಕೆಲಸದ ದಿನಗಳ ಮಧ್ಯಾಹ್ನ 'ಮೆನು ದೆಲ್ ದಿಯಾ' ಅಂತ ಒಂದೇ ಬೆಲೆಗೆ ಎರಡು ಬಗೆ, ಬ್ರೆಡ್ಡು, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ. ಬಾಗಿಲ ಮುಂದಿನ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಫ್ರಾನ್ಸಿನಲ್ಲಿ 'ಫಾರ್ಮ್ಯೂಲ್', ಜಪಾನಿನಲ್ಲಿ 'ತೇಶೊಕು'. ಹೆಸರು ಬೇರೆ, ಲೆಕ್ಕ ಊರಿನಲ್ಲಿ ಹೇಳಿದ್ದೇ. ರಾತ್ರಿ ಹತ್ತಿರ ಸುಳಿಯಲಾಗದ ರೆಸ್ಟೋರೆಂಟಿಗೆ ಮಧ್ಯಾಹ್ನ ಹೋಗಿ ಕೂರಬಹುದು. ದಿನದ ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ತಳ್ಳಿ, ರಾತ್ರಿ ಸೂಪರ್‌ಮಾರ್ಕೆಟ್ ನೋಡಿ. ಜಪಾನಿನಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಊಟದ ಡಬ್ಬಿಗಳ ಮೇಲೆ ರಿಯಾಯಿತಿಯ ಚೀಟಿ ಅಂಟಿಸುತ್ತಾ ಬರುತ್ತಾರೆ. ಚೀಟಿ ಹಿಡಿದವರ ಹಿಂದೆಯೇ ಒಂದು ಸಣ್ಣ ಗುಂಪು ಏನೂ ಗೊತ್ತಿಲ್ಲದವರ ಹಾಗೆ ನಿಧಾನಕ್ಕೆ ಸರಿಯುತ್ತಿರುತ್ತದೆ. ನಾನೂ ಆ ಗುಂಪಿನಲ್ಲಿ ಇದ್ದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಜಪಾನಿನಲ್ಲಿ ಕಣ್ಣಿಗೆ ತರಕಾರಿ ಮಾತ್ರ ಕಂಡರೂ ಸಾರಿಗೆ 'ದಾಶಿ' ಹಾಕಿರುತ್ತಾರೆ, ಅದರಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಇಂಥ ಕಡೆ ಹೋಗುವವರಿಗೆ ಅಡುಗೆಮನೆ ಇರುವ ಮನೆಯೇ ಸರಿ, ರಾತ್ರಿಗಳ ಲೆಕ್ಕ ಬಿಡಿ.

ಪಾಸೋ, ಬಿಡಿ ಟಿಕೆಟ್ಟೋ

ಪಾಸ್ ಅಂದರೆ ಉಳಿತಾಯ ಅನ್ನುವ ನಂಬಿಕೆ ಹಳೆಯದಾಯಿತು. ಜಪಾನ್ ರೈಲ್ ಪಾಸ್ ಏಳು ದಿನಕ್ಕೆ 29,650 ಯೆನ್ ಇದ್ದದ್ದು 2023ರ ಅಕ್ಟೋಬರಿನಲ್ಲಿ ಒಂದೇ ಸಲ 50,000ಕ್ಕೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಬುಲೆಟ್ ರೈಲಿನಲ್ಲಿ ಹೋಗಿಬರಲು ಸುಮಾರು 28,000 ಯೆನ್. ಅಷ್ಟೇ ಸುತ್ತುವವರಿಗೆ ಪಾಸ್ ಶುದ್ಧ ನಷ್ಟ. ಊರಿನ ಮ್ಯೂಸಿಯಂ ಪಾಸೂ ಹಾಗೇ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳ ಕಾಯಂ ಸಂಗ್ರಹ ನೋಡಲು ದುಡ್ಡೇ ಬೇಡ. ಮ್ಯಾಡ್ರಿಡ್‌ನ ಪ್ರಾಡೊ ದಿನದ ಕೊನೆಯ ಎರಡು ಗಂಟೆ ಉಚಿತ. ಲಕ್ಸೆಂಬರ್ಗ್ ದೇಶದಲ್ಲಂತೂ 2020ರಿಂದ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಎಲ್ಲರಿಗೂ ಉಚಿತ. ನೀವು ಖಂಡಿತ ನೋಡುವ ಜಾಗಗಳನ್ನು ಮಾತ್ರ ಬರೆದು ಕೂಡಿಸಿ. ಪಾಸ್ ಇದೆ ಅಂತ ಓಡಾಡುವವರು ಊಟದ ಹೊತ್ತು ತಪ್ಪಿಸಿಕೊಂಡು, ಸಿಕ್ಕ ಕಡೆ ಸಿಕ್ಕ ಬೆಲೆಗೆ ತಿನ್ನುತ್ತಾರೆ.

ಹಣ ಕೊಡುವಾಗ

ನಗದು ಸ್ವಲ್ಪ, ಕಾರ್ಡು ಜಾಸ್ತಿ. ಎರಡು ಬೇರೆ ಬ್ಯಾಂಕಿನ ಕಾರ್ಡು, ಎರಡು ಬೇರೆ ಜೇಬಿನಲ್ಲಿ. ವಿಮಾನ ನಿಲ್ದಾಣದ ಹಣ ಬದಲಿಸುವ ಕೌಂಟರಿನಲ್ಲಿ ಬಸ್ಸಿಗೆ ಬೇಕಾದಷ್ಟನ್ನು ಬಿಟ್ಟು ಬದಲಿಸಬೇಡಿ. ಹೊರದೇಶದ ಖರ್ಚಿಗೆ ನಿಮ್ಮ ಕಾರ್ಡಿನ ಶುಲ್ಕ ಎಷ್ಟು ಅಂತ ಹೊರಡುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ಕೊನೆಗೆ, ಊಟ ಮುಗಿದು ಮಾಣಿ ಕಾರ್ಡಿನ ಯಂತ್ರ ಹಿಡಿದು ಬರುತ್ತಾನೆ. ಪರದೆಯ ಮೇಲೆ ಎರಡು ಅಂಕಿ. ಒಂದು ಆ ದೇಶದ ಹಣದಲ್ಲಿ, ಇನ್ನೊಂದು ನಿಮ್ಮ ದೇಶದ ಹಣದಲ್ಲಿ. ಎರಡನೆಯದು ಅರ್ಥವಾಗುವ ಅಂಕಿ, ಹಾಗಾಗಿ ಬೆರಳು ಆ ಕಡೆಗೇ ಹೋಗುತ್ತದೆ. ಅದನ್ನು ಒತ್ತಿದರೆ ಹಣ ಬದಲಿಸುವ ದರ ನಿಗದಿ ಮಾಡುವುದು ನಿಮ್ಮ ಬ್ಯಾಂಕಲ್ಲ, ಆ ಯಂತ್ರದ ಹಿಂದಿನ ಕಂಪನಿ. ದರ ಹೆಚ್ಚು ಕಡಿಮೆ ಯಾವಾಗಲೂ ನಿಮಗೆ ನಷ್ಟದ್ದೇ. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ. ಕೆಲವರು ನಿಮ್ಮನ್ನು ಕೇಳದೆ ತಾವೇ ಒತ್ತಿಬಿಡುತ್ತಾರೆ, ಹಾಗಾಗಿ ಯಂತ್ರವನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ಯೂರೋ ಇದ್ದಲ್ಲಿ ಯೂರೋ, ಯೆನ್ ಇದ್ದಲ್ಲಿ ಯೆನ್ ಒತ್ತಿ, ಚೀಟಿ ಹರಿದುಕೊಂಡು ಎದ್ದು ಬನ್ನಿ.